ಮಣ್ಣುಂಡೆಯಿಂದ ಕಲ್ಲಿನವರೆಗೆ: ಪೆಟ್ಟುಂಡ ಅಂಗಕ್ಕೆ ಬಲ ಮರಳಿಸುವ ವಿದ್ಯೆಯ ಇತಿಹಾಸ

೧

ಮುರಿದ ಎಲುಬು ಕೂಡುವುದು ಬೇರೆ. ಆ ಅಂಗಕ್ಕೆ ಮೊದಲಿನ ಬಲವು ಬರುವುದು ಬೇರೆ. ಆಟದ ಬಯಲಿನಲ್ಲಾಗಲಿ ಗರಡಿಯ ಮಟ್ಟಿಯಲ್ಲಾಗಲಿ ಪೆಟ್ಟು ತಿಂದ ತರುಣನು ವೈದ್ಯನಿಂದ ಅಪ್ಪಣೆ ಪಡೆದು ಮನೆಗೆ ಹೊರಡುವ ದಿನ ಅವನ ಗಾಯವು ಮಾಯ್ದಿರುತ್ತದೆ, ಎಲುಬು ಕೂಡಿರುತ್ತದೆ; ಆದರೆ ತೊಡೆ ಬಡಕಲಾಗಿರುತ್ತದೆ, ಕೀಲು ಬಿಗಿದಿರುತ್ತದೆ, ನೋವಿಗೆ ಅಂಜಿ ಅಂಜಿ ನಡೆದ ಅಭ್ಯಾಸದಿಂದ ಇಡೀ ಮೈಯ ನಿಲುವೇ ಒಂದು ಪಕ್ಕಕ್ಕೆ ವಾಲಿರುತ್ತದೆ. ಅಲ್ಲಿಂದ ಮುಂದೆ ಮನೆಯ ಹಿರಿಯರು “ಇನ್ನೂ ಕೆಲವು ದಿನ ಮಲಗಿರಪ್ಪಾ” ಎನ್ನುವರು. ಜೊತೆಯ ಆಟಗಾರರು “ನಾಳೆಯೇ ಬಾ, ಆಡುತ್ತ ಆಡುತ್ತ ಸರಿಹೋಗುತ್ತದೆ” ಎನ್ನುವರು. ಇಬ್ಬರೂ ಅವನ ಹಿತವನ್ನು ಬಯಸುವವರೇ. ಆದರೂ ಇವರಲ್ಲಿ ಯಾರೊಬ್ಬರ ಮಾತನ್ನು ಪೂರ್ತಿಯಾಗಿ ನಂಬಿದರೂ ಆ ತರುಣನು ಕೆಡುವ ಸಂಭವವುಂಟು.

ವಿಶ್ರಾಂತಿ ಹೆಚ್ಚೋ ದುಡಿಮೆ ಹೆಚ್ಚೋ ಎಂಬ ಈ ವ್ಯಾಜ್ಯವು ಇಂದಿನದಲ್ಲ. ಎರಡು ಸಾವಿರ ವರ್ಷಗಳಿಂದ ಅನೇಕ ದೇಶಗಳ ವೈದ್ಯರೂ ಮಲ್ಲರೂ ಸೈನಿಕರೂ ಇದರಲ್ಲಿ ವಾದಿ ಪ್ರತಿವಾದಿಗಳಾಗಿದ್ದಾರೆ. ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಬರೆದವರು ಬಹು ಮಂದಿ. ಶಸ್ತ್ರವನ್ನು ಕೆಳಗಿಟ್ಟ ಮೇಲೆ ನಡೆಯಬೇಕಾದ ನಿಧಾನವಾದ ಕೆಲಸದ ಇತಿಹಾಸಕ್ಕೆ ಅಷ್ಟು ಗೌರವ ಸಂದಿಲ್ಲ. ಆ ಇತಿಹಾಸದ ಮುಖ್ಯ ಘಟ್ಟಗಳನ್ನು ಕ್ರಮವಾಗಿ ಪರಿಶೀಲಿಸಿದರೆ ತೀರ್ಪು ಯಾವ ಒಂದು ಪಕ್ಷಕ್ಕೂ ಪೂರ್ತಿಯಾಗಿ ಸಲ್ಲದೆ, ಅಳತೆಯೆಂಬ ಮೂರನೆಯವನಿಗೆ ಸಲ್ಲುತ್ತದೆಂದು ನಮಗೆ ತೋರುತ್ತದೆ. ಪೆಟ್ಟುಂಡ ಅಂಗಕ್ಕೆ ಎಷ್ಟು ಭಾರವನ್ನು, ಯಾವ ಹೊತ್ತಿಗೆ, ಯಾವ ನಿಲುವಿನಲ್ಲಿ ಹೊರಿಸಬೇಕೆಂಬುದನ್ನು ಎಣಿಸಿ ನಡೆದಲ್ಲಿ ಬಲವು ಮರಳಿದೆ. ಎಣಿಸದೆ ನಡೆದಲ್ಲಿ ವಿಶ್ರಾಂತಿಯೂ ಸಾಹಸವೂ ಸಮನಾಗಿ ಹಾನಿಯನ್ನುಂಟುಮಾಡಿವೆ.

೨

ಮೊದಲು ನಮ್ಮ ದೇಶದ ಪ್ರಾಚೀನ ಗ್ರಂಥವನ್ನೇ ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಭಗ್ನಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದೆ. ಕೀಲು ತಪ್ಪುವುದು ಆರು ವಿಧ. ಎಲುಬು ಮುರಿಯುವುದು ಹನ್ನೆರಡು ವಿಧ. ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವು ಇವುಗಳ ಚಿಕಿತ್ಸೆಗೆ ಮೀಸಲಾಗಿದೆ. ಮರದ ತೊಗಟೆಯ ಪಟ್ಟಿಗಳನ್ನಿಟ್ಟು ಕಟ್ಟುವ ಕ್ರಮ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆಯೂ ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆಯೂ ಕಟ್ಟನ್ನು ಬದಲಿಸುವ ನಿಯಮ, ತೊಡೆ ಮೊಣಕಾಲುಗಳ ಎಲುಬು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಬಿಗಿದು ಅಲುಗದಂತೆ ಇರಿಸುವ ವಿಧಾನ, ಇವೆಲ್ಲವೂ ಅಲ್ಲಿ ವಿವರವಾಗಿ ಬಂದಿವೆ. ಎಲುಬು ಕೂಡುವ ಕಾಲದಲ್ಲಿ ವರ್ಜಿಸಬೇಕಾದವುಗಳ ಪಟ್ಟಿಯಲ್ಲಿ ಉಪ್ಪು, ಖಾರ, ಹುಳಿ, ಬಿಸಿಲುಗಳ ಜೊತೆಗೆ ವ್ಯಾಯಾಮವೂ ಸೇರಿದೆ. ಎಳೆಯ ವಯಸ್ಸಿನವನಿಗೆ ಒಂದು ತಿಂಗಳು ಸಾಕಾದರೆ ನಡುವಯಸ್ಸಿನವನಿಗೆ ಅದರ ಇಮ್ಮಡಿ, ಮುದುಕನಿಗೆ ಮುಮ್ಮಡಿ ಕಾಲ ಬೇಕೆಂಬ ಎಣಿಕೆಯೂ ಉಂಟು. ಎಂದರೆ ಸುಶ್ರುತನು ವಿಶ್ರಾಂತಿಯನ್ನು ಅಲ್ಲಗಳೆದವನಲ್ಲ. ಅದಕ್ಕೆ ಸಲ್ಲುವ ಅವಧಿಯನ್ನು ಗೊತ್ತುಮಾಡಿದವನು.

ಆದರೆ ಅದೇ ಅಧ್ಯಾಯದಲ್ಲಿ, ಅಂಗೈಯ ಎಲುಬು ಮುರಿದವನ ಪ್ರಸ್ತಾಪ ಬಂದಾಗ, ಒಂದು ಚಿಕ್ಕ ಸೂಚನೆ ಕಾಣುತ್ತದೆ. ಎಲುಬು ಕೂಡಿದ ಮೇಲೆ ಆ ರೋಗಿಯು ಕೈಯಲ್ಲಿ ಮೊದಲು ಮಣ್ಣಿನ ಉಂಡೆಯಂತಹ ಮೆತ್ತನೆಯ ವಸ್ತುವನ್ನು ಹಿಡಿಯಬೇಕು. ಕೈಗೆ ಬಲ ಹುಟ್ಟಿದ ಬಳಿಕ ಕಲ್ಲನ್ನು ಹಿಡಿಯಬೇಕು. ಇಷ್ಟೇ ಮಾತು. ವ್ಯಾಖ್ಯಾನದ ಬೆಡಗಿಲ್ಲದ ಈ ಸೂಚನೆಯಲ್ಲಿ ಮುಂದಿನ ಎರಡು ಸಾವಿರ ವರ್ಷಗಳ ಸಾರವು ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ. ಮೆತ್ತನೆಯದರಿಂದ ಗಟ್ಟಿಯಾದುದಕ್ಕೆ, ಹಗುರದಿಂದ ಭಾರಕ್ಕೆ ಹೋಗಬೇಕೆಂಬುದು ಒಂದು ಅಂಶ. ಹೋಗುವ ಹೊತ್ತನ್ನು ಪಂಚಾಂಗವಲ್ಲ, ಕೈಯ ಬಲವೇ ನಿರ್ಣಯಿಸಬೇಕೆಂಬುದು ಎರಡನೆಯ ಅಂಶ. ಅದೇ ಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಆರೋಗ್ಯವಂತನಿಗೂ ತನ್ನ ಬಲದ ಅರ್ಧದಷ್ಟು ಮಾತ್ರವೇ ವ್ಯಾಯಾಮವನ್ನು ವಿಧಿಸಿರುವುದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ, ಭಾರದ ಅಳತೆಯು ಆ ಪರಂಪರೆಯವರಿಗೆ ಎಷ್ಟು ಮುಖ್ಯವಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

೩

ಕನ್ನಡ ನಾಡಿನಲ್ಲಿ ಈ ವಿದ್ಯೆಯು ವೈದ್ಯರ ಮನೆಗಿಂತ ಮಲ್ಲರ ಗರಡಿಯಲ್ಲಿ ಹೆಚ್ಚಾಗಿ ಬೆಳೆಯಿತು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಮಲ್ಲರನ್ನು ವಯಸ್ಸು ಬಲಗಳಿಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರವನ್ನು ಹೇಳಿ, ಅವರು ಮಾಡಬೇಕಾದ ಶ್ರಮಗಳನ್ನು ಅಲ್ಲಿ ಬೇರೆ ಬೇರೆಯಾಗಿ ಹೆಸರಿಸಿದೆ. ಭಾರವನ್ನೆತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳುಗಳಿಗೆ ಬಲ ಕೊಡುವುದು, ಕಂಬವನ್ನು ಹಿಡಿದು ಸಾಧನೆಮಾಡುವುದು ಎಂದು ಒಂದೊಂದು ಶ್ರಮಕ್ಕೂ ಒಂದೊಂದು ಹೆಸರು. ಇಂದಿನ ವ್ಯಾಯಾಮಚಿಕಿತ್ಸಕರು ಪೆಟ್ಟು ತಿಂದವನಿಗೆ ಮೊದಲು ನೀರಿನಲ್ಲಿ ಚಲನೆ, ಆಮೇಲೆ ನಡಿಗೆ, ಆಮೇಲೆ ಭಾರ ಎಂದು ವಿಧಿಸುವುದನ್ನು ಕಂಡವರಿಗೆ ಈ ವಿಂಗಡಣೆಯು ಅಪರಿಚಿತವೆನಿಸದು. ಸೋಮೇಶ್ವರನು ಹೇಳುತ್ತಿರುವುದು ಮಲ್ಲರ ತರಬೇತಿಯನ್ನೇ ಹೊರತು ರೋಗಿಗಳ ಚಿಕಿತ್ಸೆಯನ್ನಲ್ಲವೆಂಬುದು ನಿಜ. ಆದರೂ ಶ್ರಮವೆಂಬುದು ಒಂದೇ ಮುದ್ದೆಯಲ್ಲ, ಅದರಲ್ಲಿ ಜಾತಿಗಳುಂಟು, ಒಂದೊಂದು ಜಾತಿಗೂ ಒಂದೊಂದು ಫಲವುಂಟು ಎಂಬ ತಿಳಿವಳಿಕೆಯು ಆಗಲೇ ಇಲ್ಲಿ ನೆಲೆಗೊಂಡಿತ್ತು.

ಮುಂದೆ ಮೈಸೂರು ಸೀಮೆಯಲ್ಲಿ ಜಟ್ಟಿಗಳು ಕಾಳಗಕ್ಕೆ ಹೆಸರಾದಂತೆಯೇ ತಪ್ಪಿದ ಕೀಲನ್ನು ಕೂಡಿಸುವ, ಉಳುಕಿದ ಅಂಗವನ್ನು ನೀವಿ ಸರಿಮಾಡುವ ಕೈಚಳಕಕ್ಕೂ ಹೆಸರಾದರು. ಹೊಡೆಯುವ ವಿದ್ಯೆ ಬಲ್ಲವನಿಗೆ ಕೂಡಿಸುವ ವಿದ್ಯೆಯೂ ಬೇಕಾಗುವುದು ಸಹಜವೇ ಸರಿ. ದಂಡ, ಬಸ್ಕಿ, ಗದೆ ತಿರುಗಿಸುವುದು, ಎಣ್ಣೆ ನೀವುವುದು, ಇವು ಗರಡಿಯ ನಿತ್ಯಕ್ರಮ. ಇವುಗಳಲ್ಲಿ ಗದೆಯನ್ನು ನೋಡಿರಿ. ಹಿಡಿ ಉದ್ದ, ಭಾರವೆಲ್ಲ ತುದಿಯಲ್ಲಿ. ಹೆಗಲ ಹಿಂದೆ ತಿರುಗಿಸುವಾಗ ಬೆನ್ನು ನೆಟ್ಟಗಿಲ್ಲದಿದ್ದರೆ ಗದೆಯೇ ಆಳನ್ನು ಎಳೆದುಬಿಡುತ್ತದೆ. ಎಂದರೆ ಆ ಸಾಧನವು ಬಲವನ್ನೂ ನಿಲುವನ್ನೂ ಒಟ್ಟಿಗೆ ಕಲಿಸುತ್ತದೆ. ಗರಡಿಯ ಈ ಗುಣವನ್ನು ಒಪ್ಪಿಕೊಳ್ಳುತ್ತಲೇ ಅದರ ಕೊರತೆಯನ್ನೂ ಹೇಳಬೇಕು. ಉಸ್ತಾದನ ಕಣ್ಣಿನ ಅಂದಾಜೇ ಅಲ್ಲಿ ಅಳತೆ. ಅವನು ನಿಪುಣನಾದರೆ ಶಿಷ್ಯನು ಬದುಕಿದ. ಅವನು ಹೋದರೆ ಅವನ ಅಂದಾಜೂ ಅವನೊಡನೆ ಹೋಯಿತು. ಬರೆದಿಟ್ಟ ಲೆಕ್ಕವಿಲ್ಲದ ಕಾರಣ ಒಂದು ಊರಿನ ಅನುಭವವು ಮತ್ತೊಂದು ಊರಿಗೆ ದಾಟಲಿಲ್ಲ.

೪

ಇನ್ನು ಪಶ್ಚಿಮ ದೇಶಗಳ ಕಡೆಗೆ ತಿರುಗೋಣ. ಗ್ರೀಕರಲ್ಲಿ ಸೆಲಿಂಬ್ರಿಯದ ಹೆರೋಡಿಕಸನು ವ್ಯಾಯಾಮಶಾಲೆಯ ಗುರುವಾಗಿದ್ದು ವ್ಯಾಯಾಮವನ್ನೇ ಚಿಕಿತ್ಸೆಯನ್ನಾಗಿ ಮಾಡಿದವನೆಂದು ಪ್ರಸಿದ್ಧನು. ಪ್ಲೇಟೋ ತನ್ನ ಗಣರಾಜ್ಯವೆಂಬ ಗ್ರಂಥದಲ್ಲಿ ಇವನನ್ನು ಲೇವಡಿ ಮಾಡಿದ್ದಾನೆ. ಹಿಪೊಕ್ರೆಟೀಸನ ಹೆಸರಿನಲ್ಲಿರುವ ಕೀಲುಗಳ ಗ್ರಂಥದಲ್ಲಿ, ಸೊಂಟದ ಕೀಲು ತಪ್ಪಿದವರಲ್ಲಿ ಕಾಲನ್ನು ಬಳಸುವವರಿಗಿಂತ ಬಳಸದವರ ಕಾಲು ಹೆಚ್ಚು ಬಡಕಲಾಗುತ್ತದೆಂಬ ಸೂಕ್ಷ್ಮವಾದ ಅವಲೋಕನವಿದೆ. ಕ್ರಿ. ಶ. ೧೫೭ರಲ್ಲಿ ಪೆರ್ಗಮಮ್ ನಗರದ ಖಡ್ಗಮಲ್ಲರಿಗೆ ವೈದ್ಯನಾಗಿ ನೇಮಕಗೊಂಡ ಗ್ಯಾಲೆನನು ಗಾಯಗೊಂಡ ಆಳುಗಳನ್ನು ಮತ್ತೆ ಕಣಕ್ಕೆ ಇಳಿಸಬೇಕಾದ ಹೊಣೆಯನ್ನು ಹೊತ್ತಿದ್ದನು. ಅವನೇ ಮುಂದೆ ಚಿಕ್ಕ ಚೆಂಡಿನ ಆಟದ ಪ್ರಯೋಜನವನ್ನು ಕುರಿತು ಪ್ರತ್ಯೇಕವಾಗಿ ಒಂದು ಪುಸ್ತಕವನ್ನು ಬರೆದನು.

ಯುರೋಪಿನ ಆಧುನಿಕ ಕಾಲದಲ್ಲಿ ನಿಲುವಿನ ಪ್ರಶ್ನೆಯನ್ನು ಮುಂದಕ್ಕೆ ತಂದವನು ಫ್ರಾನ್ಸಿನ ನಿಕೊಲಾ ಆಂದ್ರಿ. ೧೭೪೧ರಲ್ಲಿ ಇವನು ಪ್ರಕಟಿಸಿದ ಗ್ರಂಥದಿಂದಲೇ ಆರ್ಥೋಪೀಡಿಕ್ ಎಂಬ ಶಬ್ದವು ಹುಟ್ಟಿತು. ನೆಟ್ಟಗೆ ಎಂಬ ಅರ್ಥದ ಗ್ರೀಕ್ ಶಬ್ದವನ್ನೂ ಮಗು ಎಂಬ ಅರ್ಥದ ಇನ್ನೊಂದನ್ನೂ ಜೋಡಿಸಿ ಅವನು ಈ ಹೆಸರನ್ನು ಕಟ್ಟಿದನು. ಸೊಟ್ಟಗೆ ಬೆಳೆದ ಎಳೆಯ ಮರವೊಂದನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಿಂದ ಕಟ್ಟಿರುವ ಅವನ ಚಿತ್ರವು ಇಂದಿಗೂ ಆ ಶಾಸ್ತ್ರದವರ ಲಾಂಛನವಾಗಿದೆ. ಇದೇ ಶತಮಾನದಲ್ಲಿ, ೧೭೬೭ರಲ್ಲಿ, ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಹಂಟರನು ನೃತ್ಯಮಾಡುತ್ತಿದ್ದಾಗ ಅವನ ಹಿಮ್ಮಡಿಯ ಮೇಲಿನ ನರವು ಹರಿಯಿತು. ಅವನು ಹಾಸಿಗೆ ಹಿಡಿಯಲಿಲ್ಲ. ಹಿಮ್ಮಡಿಯನ್ನು ಎತ್ತರಿಸಿಟ್ಟು ಹರಿದ ತುದಿಗಳು ಒಂದಕ್ಕೊಂದು ಹತ್ತಿರವಿರುವಂತೆ ಮಾಡಿಕೊಂಡು ನಡೆದಾಡುತ್ತಲೇ ವಾಸಿಮಾಡಿಕೊಂಡನು. ಆ ನರವು ಹೇಗೆ ಕೂಡುತ್ತದೆಂಬುದನ್ನು ಮುಂದೆ ನಾಯಿಗಳಲ್ಲಿ ಪರೀಕ್ಷಿಸಿಯೂ ನೋಡಿದನು.

ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗನು ಕತ್ತಿವರಸೆಯ ಗುರು. ವರಸೆಯ ಅಭ್ಯಾಸದಿಂದ ತನ್ನ ತೋಳಿನ ಬಾಧೆಯೇ ಕಡಮೆಯಾದುದನ್ನು ಕಂಡು ಅವನು ಅಂಗಚಲನೆಗಳನ್ನು ಶಾಸ್ತ್ರವಾಗಿ ವಿಂಗಡಿಸಿ, ೧೮೧೩ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ರಾಜಾಶ್ರಯದ ವ್ಯಾಯಾಮ ವಿದ್ಯಾಲಯವನ್ನು ಸ್ಥಾಪಿಸಿದನು. ಅವನ ಪದ್ಧತಿಯ ನಾಲ್ಕು ಶಾಖೆಗಳಲ್ಲಿ ಒಂದು ವೈದ್ಯಕ್ಕೇ ಮೀಸಲಾದುದು. ಚಿಕಿತ್ಸಕನು ತನ್ನ ಕೈಯಿಂದಲೇ ರೋಗಿಯ ಚಲನೆಗೆ ಎದುರು ಬಲವನ್ನೊಡ್ಡುವುದು ಈ ಪದ್ಧತಿಯ ವಿಶೇಷ. ಅದೇ ನಗರದ ವೈದ್ಯ ಗುಸ್ತಾವ್ ಜಾಂಡರನು ೧೮೬೫ರಲ್ಲಿ ಆ ಕೈಯ ಬದಲಿಗೆ ಸನ್ನೆಗೋಲು ಮತ್ತು ತೂಕದ ಗುಂಡುಗಳುಳ್ಳ ಯಂತ್ರಗಳನ್ನು ಇರಿಸಿದನು. ಗುಂಡನ್ನು ಸನ್ನೆಗೋಲಿನ ಮೇಲೆ ಹಿಂದೆ ಮುಂದೆ ಸರಿಸಿದರೆ ಭಾರವು ಹೆಚ್ಚು ಕಡಮೆಯಾಗುವುದು. ಅದನ್ನು ಗುರುತುಮಾಡಿ ಬರೆದಿಡಬಹುದು. ಗರಡಿಯಲ್ಲಿ ಉಸ್ತಾದನ ಕಣ್ಣಿನಲ್ಲಿದ್ದ ಅಳತೆಯು ಇಲ್ಲಿ ಮೊದಲ ಸಲ ಯಂತ್ರದ ಮೇಲೆ ಅಂಕಿಯಾಗಿ ಕಾಣಿಸಿಕೊಂಡಿತು. ೧೮೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಪ್ರದರ್ಶನದಲ್ಲಿ ಈ ಯಂತ್ರಗಳಿಗೆ ಬಹುಮಾನವೂ ಬಂದಿತು. ಆದರೆ ಇವು ಬಹು ವೆಚ್ಚದವು. ಶ್ರೀಮಂತರ ವಿಹಾರಸ್ಥಾನಗಳಿಗೆ ಸಂದವೇ ಹೊರತು ಸಾಮಾನ್ಯರಿಗೆ ದೊರೆಯಲಿಲ್ಲ.

೫

ಇಷ್ಟರಲ್ಲಿ ಇಂಗ್ಲೆಂಡಿನಲ್ಲಿ ವಿಶ್ರಾಂತಿಪಕ್ಷವು ಪ್ರಬಲವಾಯಿತು. ಜಾನ್ ಹಿಲ್ಟನನು ವಿಶ್ರಾಂತಿ ಮತ್ತು ನೋವುಗಳನ್ನು ಕುರಿತು ಮಾಡಿದ ಉಪನ್ಯಾಸಗಳು ೧೮೬೩ರಲ್ಲಿ ಗ್ರಂಥವಾಗಿ ಹೊರಬಂದುವು. ಎಲುಬು ಕೂಡಿಸುವ ನಾಟಿವೈದ್ಯರ ಮನೆತನದಲ್ಲಿ ಹುಟ್ಟಿ ಲಿವರ್‌ಪೂಲ್ ನಗರದಲ್ಲಿ ಬಡವರಿಗೆ ಚಿಕಿತ್ಸೆ ನೀಡುತ್ತಿದ್ದ ಹ್ಯೂ ಓವೆನ್ ಥಾಮಸನು ಕೆಟ್ಟ ಕೀಲಿಗೆ ಎಡೆಬಿಡದ, ದೀರ್ಘವಾದ, ಕಟ್ಟುನಿಟ್ಟಾದ ವಿಶ್ರಾಂತಿಯೇ ಮದ್ದೆಂದು ಸಾರಿದನು. ಈ ಪಕ್ಷವನ್ನು ಹಗುರವಾಗಿ ಕಾಣಲಾಗದು. ಆ ಕಾಲದಲ್ಲಿ ಕ್ಷಯವು ಕೀಲುಗಳನ್ನು ತಿನ್ನುತ್ತಿತ್ತು. ಅಂತಹ ಕೀಲನ್ನು ಅಲುಗಿಸಿದರೆ ಅಪಾಯವೇ. ಥಾಮಸನು ರಚಿಸಿದ ಕಾಲುಕಟ್ಟನ್ನು ಅವನ ಸೋದರಳಿಯ ರಾಬರ್ಟ್ ಜೋನ್ಸನು ಮೊದಲ ಮಹಾಯುದ್ಧದಲ್ಲಿ ಬಳಕೆಗೆ ತಂದಾಗ, ತೊಡೆಯ ಎಲುಬು ಮುರಿದ ಸಿಪಾಯಿಗಳ ಮರಣವು ಬಹುವಾಗಿ ತಗ್ಗಿತು. ದೋಷವು ವಿಶ್ರಾಂತಿಯಲ್ಲಿರಲಿಲ್ಲ, ಕ್ಷಯದ ಕೀಲಿಗೆ ಹೇಳಿದುದನ್ನು ಉಳುಕಿದ ಕೀಲಿಗೂ ಹೇಳಿದುದರಲ್ಲಿ ಇತ್ತು.

ಫ್ರಾನ್ಸಿನ ಲ್ಯೂಕಾ ಶಾಂಪಿಯೊನಿಯೇರನು ಇದಕ್ಕೆ ಪ್ರತಿವಾದಿಯಾಗಿ ನಿಂತು, ಮುರಿದ ಎಲುಬಿಗೂ ಬೇಗನೆ ನೀವುವಿಕೆಯೂ ಚಲನೆಯೂ ಬೇಕೆಂದು ವಾದಿಸಿ ೧೮೯೫ರಲ್ಲಿ ಗ್ರಂಥವನ್ನು ಬರೆದನು. ೧೮೯೨ರಲ್ಲಿ ಬರ್ಲಿನ್ನಿನ ಯೂಲಿಯುಸ್ ವೋಲ್ಫನು ಎಲುಬಿನ ಒಳರಚನೆಯು ಅದರ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ಮಾರ್ಪಡುತ್ತದೆಂದು ತೋರಿಸಿದ್ದನು. ಹೊತ್ತ ಎಲುಬು ಗಟ್ಟಿಯಾಗುವುದು, ಹೊರದ ಎಲುಬು ಸೊರಗುವುದು. ಹೀಗೆ ಎರಡು ಪಕ್ಷಗಳೂ ತಮ್ಮ ತಮ್ಮ ಸಾಕ್ಷ್ಯವನ್ನು ಮುಂದಿಟ್ಟುವು; ಆದರೆ ಪ್ರತಿದಿನವೂ ಎಷ್ಟು ಭಾರ ಎಂಬ ಸರಳವಾದ ಪ್ರಶ್ನೆಗೆ ಇಬ್ಬರಲ್ಲಿಯೂ ಉತ್ತರವಿರಲಿಲ್ಲ.

೬

ಆ ಉತ್ತರವು ಬಂದುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಷಿಕಾಗೋ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿ. ಅಲ್ಲಿ ಮೊಣಕಾಲಿನ ಪೆಟ್ಟಿನಿಂದ ನರಳುವ ಸಿಪಾಯಿಗಳು ಕಿಕ್ಕಿರಿದು ತುಂಬಿದ್ದರು. ಶಸ್ತ್ರಚಿಕಿತ್ಸೆ ಮುಗಿದು ತಿಂಗಳುಗಳಾದರೂ ಅವರ ತೊಡೆಗಳಿಗೆ ಬಲ ಬಾರದೆ ಹಾಸಿಗೆಗಳು ತೆರವಾಗುತ್ತಿರಲಿಲ್ಲ. ಹಗುರವಾದ ಭಾರವನ್ನು ಬಹು ಸಲ ಎತ್ತಿಸುವುದು ಅಂದಿನ ರೂಢಿ. ಅಲ್ಲಿದ್ದ ತರುಣ ವೈದ್ಯ ಥಾಮಸ್ ಡಿಲೋರ್ಮನು ಹುಡುಗತನದಲ್ಲಿ ಕೀಲುಜ್ವರದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಆಮೇಲೆ ತಾನೇ ಭಾರವೆತ್ತುವ ಸಾಧನೆಯಿಂದ ಮೈಬಲವನ್ನು ಪಡೆದವನಾಗಿದ್ದನು. ಪ್ಯಾರಾಚೂಟ್ ಪಡೆಯ ಸಾರ್ಜೆಂಟನೊಬ್ಬನ ಸೊರಗಿದ ಕಾಲಿಗೆ ಅವನು ಕಬ್ಬಿಣದ ಪಾದುಕೆಯನ್ನು ಕಟ್ಟಿ, ಅದಕ್ಕೆ ತೂಕಗಳನ್ನು ಸೇರಿಸಿ, ರೂಢಿಗೆ ವಿರುದ್ಧವಾಗಿ ಹೆಚ್ಚು ಭಾರವನ್ನು ಕೆಲವೇ ಸಲ ಎತ್ತಿಸಿದನು. ಕಾಲು ಬಲಿಯಿತು, ಒಬ್ಬರಾದ ಮೇಲೆ ಒಬ್ಬರಂತೆ ಇತರ ಸಿಪಾಯಿಗಳೂ ಈ ಕ್ರಮಕ್ಕೆ ಸೇರಿದರು.

೧೯೪೫ರಲ್ಲಿ ಅವನು ಈ ಅನುಭವವನ್ನು ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದರ ತಿರುಳು ಹೀಗಿದೆ. ಪೆಟ್ಟುಂಡವನು ಸರಿಯಾಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರವು ಯಾವುದೆಂದು ಮೊದಲು ಕಂಡುಹಿಡಿಯಬೇಕು. ಅದು ಅವನ ಅಂದಿನ ಅಳತೆ. ವಾರಕ್ಕೊಮ್ಮೆ ಆ ಅಳತೆಯನ್ನು ಮತ್ತೆ ಪರೀಕ್ಷಿಸಿ, ಬಲವು ಹೆಚ್ಚಿದಂತೆ ಭಾರವನ್ನು ಹೆಚ್ಚಿಸಬೇಕು. ಮೊದಮೊದಲು ಹತ್ತು ಹತ್ತು ಸಲದ ಏಳರಿಂದ ಹತ್ತು ಆವೃತ್ತಿಗಳನ್ನು ಮಾಡಿಸುತ್ತಿದ್ದವನು, ಅಷ್ಟೊಂದು ಅನವಶ್ಯಕವೆಂದು ಅನುಭವದಿಂದ ತಿಳಿದು, ೧೯೪೮ರಲ್ಲಿ ವಾಟ್‌ಕಿನ್ಸನೊಡನೆ ಬರೆದ ಲೇಖನದಲ್ಲಿ ಮೂರೇ ಆವೃತ್ತಿಗಳಿಗೆ ಇಳಿಸಿದನು. ಮೊದಲನೆಯದು ಅಳತೆಯ ಅರ್ಧ ಭಾರದಿಂದ, ಎರಡನೆಯದು ಮುಕ್ಕಾಲು ಭಾರದಿಂದ, ಮೂರನೆಯದು ಪೂರ್ಣ ಭಾರದಿಂದ. ಹೆಚ್ಚು ಭಾರವನ್ನು ಕೆಲವು ಸಲ ಎತ್ತಿದರೆ ಬಲವೂ, ಕಡಮೆ ಭಾರವನ್ನು ಬಹು ಸಲ ಎತ್ತಿದರೆ ತಾಳಿಕೆಯೂ ಬೆಳೆಯುವುದೆಂದೂ, ಒಂದರಿಂದ ಮತ್ತೊಂದನ್ನು ನಿರೀಕ್ಷಿಸಬಾರದೆಂದೂ ಅವನು ಸ್ಪಷ್ಟಪಡಿಸಿದನು. ಮಾನಸೋಲ್ಲಾಸವು ಶ್ರಮಗಳನ್ನು ಬೇರ್ಪಡಿಸಿ ಹೆಸರಿಟ್ಟುದು ವಾಚಕರಿಗೆ ಇಲ್ಲಿ ನೆನಪಾಗಬಹುದು. ಸುಶ್ರುತನ ಮಣ್ಣುಂಡೆಗೂ ಕಲ್ಲಿಗೂ ನಡುವೆ ಎಷ್ಟು ಮೆಟ್ಟಿಲುಗಳಿವೆ, ಒಂದೊಂದು ಮೆಟ್ಟಿಲು ಎಷ್ಟು ಎತ್ತರ ಎಂಬುದು ಇಲ್ಲಿ ಅಂಕಿಗಳಲ್ಲಿ ಗೊತ್ತಾಯಿತು.

ವಿಶ್ರಾಂತಿಪಕ್ಷದ ಬಲವೂ ಅದೇ ವರ್ಷಗಳಲ್ಲಿ ಕುಂದಿತು. ೧೯೪೭ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಷರನು ಹಾಸಿಗೆ ಹಿಡಿಯುವುದರಿಂದಲೇ ಉಂಟಾಗುವ ಕೇಡುಗಳನ್ನು ಅಂಗಾಂಗವಾಗಿ ವಿವರಿಸಿದ ಲೇಖನವು ವೈದ್ಯಪ್ರಪಂಚವನ್ನು ಎಚ್ಚರಿಸಿತು. ೧೯೬೬ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಆರೋಗ್ಯವಂತರಾದ ಐವರು ಇಪ್ಪತ್ತು ವರ್ಷದ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿಯೇ ಇರಿಸಿ ಪರೀಕ್ಷಿಸಲಾಯಿತು. ದುಡಿಯುವಾಗ ದೇಹವು ಪ್ರಾಣವಾಯುವನ್ನು ಬಳಸುವ ಅವರ ಗರಿಷ್ಠ ಶಕ್ತಿಯು ನೂರಕ್ಕೆ ಇಪ್ಪತ್ತೇಳರಷ್ಟು ಕುಸಿಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ಮುಪ್ಪು ಆ ಶಕ್ತಿಗೆ ಮಾಡಿದ ಹಾನಿಗಿಂತ ಆ ಮೂರು ವಾರಗಳ ಹಾಸಿಗೆಯು ಮಾಡಿದ ಹಾನಿಯೇ ಹೆಚ್ಚೆಂದು ಕಂಡಿತು.

೭

ಈ ವಿದ್ಯೆಯು ಸೈನಿಕ ಆಸ್ಪತ್ರೆಯಿಂದ ಆಟದ ಬಯಲಿಗೆ ಬಂದ ಬಗೆಯನ್ನು ಕ್ರಿಕೆಟ್ ಆಟದ ಒಂದು ನಿದರ್ಶನದಿಂದ ತಿಳಿಯಬಹುದು. ಆಸ್ಟ್ರೇಲಿಯದ ವೇಗದ ಬೌಲರ್ ಡೆನಿಸ್ ಲಿಲ್ಲಿಯವರಿಗೆ ೧೯೭೩ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಸೊಂಟದ ಬೆನ್ನೆಲುಬುಗಳು ಬಿರುಕುಬಿಟ್ಟುವು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಅವರ ಆಟವು ಅಲ್ಲಿಗೆ ಮುಗಿಯಿತೆಂದೇ ಹಲವರು ತಿಳಿದರು. ಮುಂಡಕ್ಕೆ ಗಾರೆಯ ಕಟ್ಟು ಹಾಕಿ ಮೊದಲು ವಿಶ್ರಾಂತಿ. ಅನಂತರ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಫ್ರಾಂಕ್ ಪೈಕ್ ಅವರ ಮಾರ್ಗದರ್ಶನದಲ್ಲಿ ಬೆನ್ನು, ಹೊಟ್ಟೆ, ಕಾಲುಗಳ ಮಾಂಸಖಂಡಗಳಿಗೆ ಕ್ರಮಕ್ರಮವಾಗಿ ಏರುವ ವ್ಯಾಯಾಮ. ೧೯೭೪–೭೫ರ ಇಂಗ್ಲೆಂಡಿನ ವಿರುದ್ಧದ ಸರಣಿಯಲ್ಲಿ ಅವರು ಮರಳಿ ಬಂದು ೨೫ ವಿಕೆಟ್ಟುಗಳನ್ನು ಪಡೆದರು. ೧೯೮೪ರಲ್ಲಿ ನಿವೃತ್ತರಾದಾಗ ಅವರ ೩೫೫ ಟೆಸ್ಟ್ ವಿಕೆಟ್ಟುಗಳು ಅಂದಿಗೆ ಲೋಕದಾಖಲೆಯಾಗಿದ್ದುವು. ಮುಂದೆ ಅದೇ ವಿಶ್ವವಿದ್ಯಾಲಯದ ವಿದ್ವಾಂಸರು ವೇಗದ ಬೌಲರುಗಳ ಬೆನ್ನುನೋವನ್ನು ಪರಿಶೀಲಿಸಿ, ಚೆಂಡನ್ನು ಎಸೆಯುವಾಗ ಸೊಂಟವು ಒಂದು ದಿಕ್ಕಿಗೂ ಹೆಗಲು ಮತ್ತೊಂದು ದಿಕ್ಕಿಗೂ ತಿರುಚುವ ಭಂಗಿಯೇ ಬೆನ್ನೆಲುಬಿನ ಬಿರುಕಿಗೆ ಹೆಚ್ಚಾಗಿ ಎಡೆಗೊಡುವುದೆಂದು ೧೯೮೦ರ ದಶಕದಲ್ಲಿ ತೋರಿಸಿದರು. ಬಲವೊಂದೇ ಸಾಲದು, ನಿಲುವೂ ತಿದ್ದಬೇಕೆಂಬುದಕ್ಕೆ ಇದು ಶಾಸ್ತ್ರೀಯವಾದ ಸಾಕ್ಷ್ಯ.

೧೯೮೭ರಲ್ಲಿ ಮದರಾಸಿನಲ್ಲಿ ವೇಗದ ಬೌಲರುಗಳ ತರಬೇತಿಗೆಂದು ಆರಂಭವಾದ ಎಂ. ಆರ್. ಎಫ್. ಸಂಸ್ಥೆಗೆ ಲಿಲ್ಲಿಯವರೇ ಗುರುಗಳಾಗಿ ಬಂದರು. ಅಲ್ಲಿ ಕಲಿತವರಲ್ಲಿ ನಮ್ಮ ನಾಡಿನ ವೆಂಕಟೇಶ ಪ್ರಸಾದರೂ ಜಾವಗಲ್ ಶ್ರೀನಾಥರೂ ಇದ್ದರು. ಮೈಸೂರಿನ ಶ್ರೀನಾಥರಿಗೆ ೧೯೯೭ರಲ್ಲಿ ಭುಜದ ಪೆಟ್ಟಿನಿಂದ ವೆಸ್ಟ್ ಇಂಡೀಸ್ ಪ್ರವಾಸವು ತಪ್ಪಿತು. ಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆ ಸಾಧನೆಯೂ ಆದ ಮೇಲೆ ಆ ವರ್ಷದ ಕೊನೆಗೆ ಅವರು ಮರಳಿದರು. ೧೯೯೯ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ ೧೩ ವಿಕೆಟ್ಟುಗಳನ್ನು ಪಡೆದರು. ಬೆಂಗಳೂರಿನ ಅನಿಲ್ ಕುಂಬ್ಳೆಯವರಿಗೆ ೨೦೦೧ರ ಆರಂಭದಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಯಿತು. ಆಸ್ಟ್ರೇಲಿಯದ ವಿರುದ್ಧದ ಪ್ರಸಿದ್ಧವಾದ ಸರಣಿಯಲ್ಲಿ ಅವರು ಆಡಲಾಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಅವರು ತಮ್ಮ ಮುನ್ನೂರನೆಯ ಟೆಸ್ಟ್ ವಿಕೆಟ್ಟನ್ನು ಪಡೆದರು; ೨೦೦೮ರಲ್ಲಿ ನಿವೃತ್ತರಾಗುವಾಗ ಆ ಸಂಖ್ಯೆಯು ೬೧೯ ಆಗಿತ್ತು. ಎಂದರೆ ಅವರ ವಿಕೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಶಸ್ತ್ರವು ಮುಟ್ಟಿದ ಭುಜದಿಂದಲೇ ಬಂದವು.

೮

ಇಲ್ಲಿ ನಿಲುವಿನ ವಿಚಾರವನ್ನು ಸ್ವಲ್ಪ ವಿಶದಪಡಿಸುವುದು ಅವಶ್ಯಕ. ಮೊಣಕಾಲು ಊದಿಕೊಂಡಾಗ ತೊಡೆಯ ಮುಂಭಾಗದ ಮಾಂಸಖಂಡಕ್ಕೆ ನರಗಳಿಂದ ಬರುವ ಅಪ್ಪಣೆಯೇ ಕುಗ್ಗುತ್ತದೆ. ಮನಸ್ಸು ಬಯಸಿದರೂ ಅದು ಪೂರ್ತಿಯಾಗಿ ದುಡಿಯದು. ಆ ಕೊರತೆಯನ್ನು ತುಂಬಲು ಸೊಂಟವು ವಾಲುತ್ತದೆ, ಇನ್ನೊಂದು ಕಾಲು ಹೆಚ್ಚು ಭಾರವನ್ನು ಹೊರುತ್ತದೆ, ಬೆನ್ನು ಬಾಗುತ್ತದೆ. ಕೆಲವು ವಾರಗಳ ಈ ಹೊಂದಾಣಿಕೆಯು ಕಡೆಗ ಅಭ್ಯಾಸವಾಗಿಬಿಡುತ್ತದೆ. ನೋವು ಹೋದರೂ ಕುಂಟು ಉಳಿಯುತ್ತದೆ. ಭುಜದಲ್ಲಿಯೂ ಹೀಗೆಯೇ. ಹೆಗಲಿನ ಕೀಲನ್ನು ಸುತ್ತುವರಿದ ನಾಲ್ಕು ಚಿಕ್ಕ ಮಾಂಸಖಂಡಗಳು ತೋಳಿನ ಗುಂಡನ್ನು ಅದರ ಗೂಡಿನಲ್ಲಿ ಹಿಡಿದಿಡುತ್ತವೆ. ಬೆನ್ನು ಗೂನಾಗಿ ಹೆಗಲೆಲುಬು ಮುಂದಕ್ಕೆ ಜಾರಿದರೆ ಆ ಚಿಕ್ಕ ಖಂಡಗಳ ಕೆಲಸವು ಕಷ್ಟವಾಗುತ್ತದೆ. ಆದುದರಿಂದ ಬಲ್ಲ ಚಿಕಿತ್ಸಕನು ಭಾರವನ್ನು ಕೊಡುವ ಮೊದಲು ರೋಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಹೆಗಲುಗಳೆರಡೂ ಸಮನಾಗಿವೆಯೇ, ಎರಡು ಪಾದಗಳ ಮೇಲೂ ಭಾರವು ಸಮನಾಗಿದೆಯೇ ಎಂದು ನೋಡುವನು. ವಾಲಿದ ನಿಲುವಿನಲ್ಲಿ ಎತ್ತಿದ ಭಾರವು ವಾಲುವಿಕೆಯನ್ನೇ ಬಲಪಡಿಸುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಬೆಂಗಳೂರಿನಲ್ಲಿ ೧೯೨೦ರ ದಶಕದಿಂದ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರ ಕ್ರಮವು ಸ್ಮರಣೀಯವಾದುದು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃವಾಗಿ ಅವರನ್ನು ಸಾಹಿತ್ಯಪ್ರಿಯರು ಬಲ್ಲರು. ಪಶ್ಚಿಮದ ಭಾರದ ಸರಳನ್ನೂ ನಮ್ಮ ಸೂರ್ಯನಮಸ್ಕಾರ ಆಸನಗಳನ್ನೂ ಅವರು ಒಂದೇ ಛಾವಣಿಯ ಕೆಳಗೆ ಕಲಿಸಿದರು. ಭಾರದಿಂದ ಬಲವೂ ಆಸನದಿಂದ ನಿಲುವೂ ಬರಬೇಕೆಂಬ ಈ ಜೋಡಣೆಯು ಪೆಟ್ಟುಂಡವನಿಗೂ ಆರೋಗ್ಯವಂತನಿಗೂ ಸಮನಾಗಿ ಹಿತಕರವಾದುದು.

೯

ಇಷ್ಟೆಲ್ಲ ಇತಿಹಾಸವನ್ನು ಹೇಳಿದುದಕ್ಕೆ ಪ್ರಯೋಜನವೇನು? ನಮ್ಮ ಹಳ್ಳಿಗಳಲ್ಲಿ ಕಬಡ್ಡಿ, ಕುಸ್ತಿ, ಖೋ ಖೋ ಆಟಗಳಲ್ಲಿ ಮೊಣಕಾಲಿನ ಒಳಗಟ್ಟು ಹರಿದುಕೊಳ್ಳುವ ಹುಡುಗರೂ ಹುಡುಗಿಯರೂ ಬಹು ಮಂದಿ. ಪ್ರಸಿದ್ಧರಾದ ಆಟಗಾರರ ಹಿಂದೆ ಚಿಕಿತ್ಸಕರ ತಂಡವೇ ನಿಂತಿರುತ್ತದೆ. ಈ ಮಕ್ಕಳ ಹಿಂದೆ ಯಾರೂ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಸಾಲಮಾಡಿಯಾದರೂ ಹಣ ಹೊಂದಿಸುವ ತಂದೆತಾಯಿಗಳು ಅನಂತರದ ವ್ಯಾಯಾಮವನ್ನು ಚಿಕಿತ್ಸೆಯೆಂದೇ ಎಣಿಸುವುದಿಲ್ಲ. ಕ್ರೀಡೆಯ ಬಲದಿಂದ ಉದ್ಯೋಗವೊಂದನ್ನು ಪಡೆಯಬಹುದೆಂದು ನಂಬಿದ್ದ ತರುಣನು ಮುಂದಿನ ಪಂದ್ಯಕ್ಕೆ ಅವಸರದಿಂದ ಇಳಿದು ಅದೇ ಕಾಲನ್ನು ಎರಡನೆಯ ಸಲ ಕೆಡಿಸಿಕೊಳ್ಳುವನು. ನಾರ್ವೆ ಮತ್ತು ಅಮೆರಿಕಗಳ ವಿದ್ವಾಂಸರು ೨೦೧೬ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಇಂತಹ ಶಸ್ತ್ರಚಿಕಿತ್ಸೆಯಾದ ಮೇಲೆ ಒಂಬತ್ತು ತಿಂಗಳು ತುಂಬುವವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮೊಣಕಾಲು ಮತ್ತೆ ಕೆಡುವ ಸಂಭವವು ಹೆಚ್ಚುಕಡಮೆ ಅರ್ಧಕ್ಕರ್ಧ ಇಳಿಯುತ್ತದೆ. ಪೆಟ್ಟಾದ ಕಾಲಿನ ಬಲವು ಇನ್ನೊಂದು ಕಾಲಿನ ಬಲದ ನೂರಕ್ಕೆ ತೊಂಬತ್ತರಷ್ಟಾದರೂ ಆಗುವವರೆಗೆ ಕಣಕ್ಕೆ ಇಳಿಯಬಾರದೆಂಬುದು ಇಂದಿನ ಸಾಮಾನ್ಯ ನಿಯಮ.

ಇದಕ್ಕೆ ಜಾಂಡರನ ದುಬಾರಿ ಯಂತ್ರಗಳು ಬೇಕಾಗಿಲ್ಲ. ಎರಡು ತೊಡೆಗಳ ಸುತ್ತಳತೆಯನ್ನು ಗುರುತಿಡಲು ಒಂದು ದರ್ಜಿಯ ಟೇಪು, ತೂಕಮಾಡಿದ ಮರಳಿನ ಚೀಲಗಳು ನಾಲ್ಕೈದು, ಹತ್ತು ಸಲ ಎತ್ತಬಲ್ಲ ಭಾರವನ್ನು ವಾರ ವಾರವೂ ಬರೆದಿಡಲು ಒಂದು ಪುಸ್ತಕ, ನಿಲುವನ್ನು ನೋಡಿಕೊಳ್ಳಲು ಒಂದು ಕನ್ನಡಿ, ಆರಂಭದಲ್ಲಿಯೂ ನಡುನಡುವೆಯೂ ಪರೀಕ್ಷಿಸಿ ಅಪ್ಪಣೆ ಕೊಡಲು ಬಲ್ಲ ವೈದ್ಯರು, ಇಷ್ಟಿದ್ದರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಾಗಲಿ ಊರಿನ ಗರಡಿಯಲ್ಲಾಗಲಿ ಈ ಕೆಲಸವನ್ನು ನಡೆಸಬಹುದು. ನಮ್ಮ ಜಿಲ್ಲೆಯ ಗರಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವ ಈ ಕಾಲದಲ್ಲಿ ಅವುಗಳಿಗೆ ಇಂತಹ ಹೊಸ ಹೊಣೆಯೊಂದನ್ನು ವಹಿಸಿದರೆ ಗರಡಿಗಳೂ ಉಳಿದಾವು, ಮಕ್ಕಳ ಕಾಲುಗಳೂ ಉಳಿದಾವು. ವ್ಯಾಯಾಮಶಿಕ್ಷಕರೂ ಗರಡಿಯ ಹಿರಿಯರೂ ವೈದ್ಯರೂ ಒಂದು ಕಡೆ ಕುಳಿತು ಈ ವಿಚಾರವನ್ನು ಚರ್ಚಿಸುವುದು ಯುಕ್ತವೆಂದು ಸೂಚಿಸಿ, ಮೊದಲ ಪುಸ್ತಕದ ಮೊದಲ ಪುಟದಲ್ಲಿ ಪೆಟ್ಟುಂಡ ಯಾವ ಹುಡುಗನ ಹೆಸರು ಬರೆಯಬೇಕೆಂಬುದನ್ನು ಆಯಾ ಊರಿನವರ ವಿವೇಚನೆಗೆ ಬಿಡುತ್ತೇವೆ.